ಹಂಚಿನ ಕಾರ್ಖಾನೆಗೂ ಚರ್ಚಿಗೂ ಏನು ಸಂಬಂಧ? ಮಂಗಳೂರಿನ ಬಾಸೆಲ್ ಮಿಷನ್ ಕಥೆ

ಹಳೆ ಅಂಗಡಿಯ ಮಾಡಿನಿಂದ ಹಂಚು ಇಳಿಸುವಾಗ ಒಂದನ್ನು ಮಗುಚಿ ನೋಡಿ. ಅದೃಷ್ಟ ಇದ್ದರೆ ಬಾಸೆಲ್ ಮಿಷನ್ ಹೆಸರಿನ ಇಂಗ್ಲಿಷ್ ಅಚ್ಚು ಸಿಗುತ್ತದೆ. ಕೆಲವದರಲ್ಲಿ 1865 ಅಂತ ಇಸವಿಯೂ ಇರುತ್ತದೆ. ಅದು ಆ ಹಂಚು ತಯಾರಾದ ವರ್ಷ ಅಲ್ಲ, ಕಾರ್ಖಾನೆ ಶುರುವಾದ ವರ್ಷ.

ಧರ್ಮ ಪ್ರಚಾರಕ್ಕೆ ಬಂದವರು ಹಂಚು ಯಾಕೆ ಸುಟ್ಟರು? ಉತ್ತರ ಹುಡುಕಿದರೆ ಊರಿನ ಬಡವರ ನಡುವೆ ಒಂದು ಸಭೆ ಹೇಗೆ ಬೇರು ಬಿಟ್ಟಿತು ಅನ್ನುವುದೂ ಗೊತ್ತಾಗುತ್ತದೆ.

ಬಂದವರು ಯಾರು?

ಬಾಸೆಲ್ ಅಂದರೆ ಸ್ವಿಟ್ಜರ್ಲೆಂಡಿನ ಒಂದು ಪಟ್ಟಣ. ಅಲ್ಲಿನ ಮಿಷನ್ ಕಳಿಸಿದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಆಗಲೇ ಇಲ್ಲಿ ಕೊಂಕಣಿ ಮಾತಾಡುವ ಕ್ಯಾಥೊಲಿಕರು ಇದ್ದರು, ಅವರ ಚರ್ಚುಗಳೂ ಇದ್ದವು. ಬಾಸೆಲಿನವರದ್ದು ಬೇರೆ ಪಂಗಡ, ಪ್ರೊಟೆಸ್ಟೆಂಟ್. ಅವರು ಕನ್ನಡ, ತುಳು ಕಲಿತರು, ಶಾಲೆ ತೆರೆದರು. 1841ರಲ್ಲಿ ಮುದ್ರಣಾಲಯ ಬಂತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದೇ ಅಂತ ಎಲ್ಲರಿಗೂ ಗೊತ್ತು. ಸಭೆ ಸೇರಿದವರ ಪಾಡು ಏನಾಯ್ತು ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ.

ದೀಕ್ಷಾಸ್ನಾನ ಆಯ್ತು, ನಾಳೆ ಗಂಜಿಗೆ?

ಸಭೆಗೆ ಬಂದವರಲ್ಲಿ ಬಡವರೇ ಹೆಚ್ಚು. ಗೇಣಿಗೆ ಗದ್ದೆ ಮಾಡುವವರು, ಕೂಲಿಯವರು, ಮೂರ್ತೆ ಕೆಲಸದವರು. ಬಿಲ್ಲವ ಸಮುದಾಯದವರ ಸಂಖ್ಯೆ ದೊಡ್ಡದಿತ್ತು. ದೀಕ್ಷಾಸ್ನಾನ ತೆಗೆದುಕೊಂಡರೆ ಮನೆಯವರು ಹೊರಗೆ ಹಾಕುವುದಿತ್ತು, ಗೇಣಿ ಭೂಮಿ ಕೈತಪ್ಪುವುದಿತ್ತು. ಕಳ್ಳು ಇಳಿಸುವ ಕಸುಬನ್ನು ಮಿಷನ್ನೇ ಒಪ್ಪುತ್ತಿರಲಿಲ್ಲ. ಹಾಗಾಗಿ ಒಂದೇ ದಿನಕ್ಕೆ ಮನೆ, ಜಾತಿ, ಕೆಲಸ ಮೂರೂ ಹೋಗಿ ಬಲ್ಮಠದ ಗುಡ್ಡಕ್ಕೆ ಬಂದು ನಿಂತವರಿದ್ದರು.

ಪ್ರಸಂಗ ವಾರಕ್ಕೊಮ್ಮೆ ಆದರೂ ನಡೆಯುತ್ತದೆ, ಗಂಜಿ ದಿನಕ್ಕೆರಡು ಹೊತ್ತು ಬೇಕು. ಹೀಗೆ ಬಂದವರಿಗೆ ಎಷ್ಟು ದಿನ ಅಂತ ಕೂರಿಸಿ ಊಟ ಹಾಕುವುದು? ಬೇಸಾಯ, ಬಡಗಿ ಕೆಲಸ, ಗಡಿಯಾರ ರಿಪೇರಿ ಎಲ್ಲ ಪ್ರಯತ್ನಿಸಿ ನೋಡಿದರು. ಕೆಲವು ಕೈಕೊಟ್ಟವು. ಕೊನೆಗೆ ಗಟ್ಟಿಯಾಗಿ ನಿಂತದ್ದು ಎರಡು, ನೇಯ್ಗೆ ಮತ್ತು ಹಂಚು. ನೇಯ್ಗೆ ನೋಡಿಕೊಳ್ಳಲು 1851ರಲ್ಲಿ ಹಾಲರ್ ಬಂದರು. ಮುಂದೆ ಇಲ್ಲಿನ ಖಾಕಿ ಬಟ್ಟೆ ಹೆಸರು ಮಾಡಿತು. ಹಂಚಿನ ಕೆಲಸಕ್ಕೆ ಕೈ ಹಾಕಿದ್ದು ಮುದ್ರಣಾಲಯಕ್ಕಾಗಿ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್.

ಆಗ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲಿನ ಮಾಡು. ವರ್ಷ ವರ್ಷ ಹೊದೆಸಬೇಕು, ಬೆಂಕಿ ತಗುಲಿದರೆ ಕೇರಿಯೇ ಹೋಗುತ್ತದೆ. ನದಿಯ ಬದಿಯಲ್ಲಿ ಒಳ್ಳೆ ಆವೆಮಣ್ಣಿತ್ತು, ಸುಡುವುದಕ್ಕೆ ಕಟ್ಟಿಗೆ ಇತ್ತು, ಸಾಗಿಸಲು ಬಂದರಿತ್ತು. ಒಂದಕ್ಕೊಂದು ಕೊಂಡಿಯಂತೆ ಕೂರುವ ಯಂತ್ರದ ಹಂಚು ಇಲ್ಲಿಂದ ದೂರದೂರಿಗೆ ಹಡಗೇರಿತು. 1868ರಲ್ಲೇ ಆಲ್ಬುಕರ್ಕ್ ಕುಟುಂಬದವರೂ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ಇನ್ನೂ ಹಲವರು ಬಂದರು. ಮಿಷನ್ನಿನ ಅಗತ್ಯಕ್ಕೆ ಹುಟ್ಟಿದ ಕಸುಬು ಇಡೀ ಊರಿನ ಕಸುಬಾಯಿತು.

ಸಂಬಳವೂ ಪ್ರಾರ್ಥನೆಯೂ ಒಂದೇ ಕಡೆ

ಲಾಭ ಇತ್ತು, ತೊಡಕೂ ಇತ್ತು. ಕೆಲಸ ಕೊಡುವವರು, ಪಾಠ ಹೇಳುವವರು, ಭಾನುವಾರ ಪ್ರಸಂಗ ಮಾಡುವವರು ಎಲ್ಲ ಒಂದೇ ಮಿಷನ್ನಿನವರು. ಹಾಗಿದ್ದಾಗ ಚರ್ಚಿಗೆ ಬರುವವನು ದೇವರಿಗಾಗಿ ಬರುತ್ತಾನೋ, ಸಂಬಳಕ್ಕಾಗಿಯೋ? ಹೊರಗಿನವರು ಹೀಗೆ ಕುಟುಕಿದ್ದು ಇದ್ದದ್ದೇ. ಆದರೆ ಮಿಷನ್ನಿನ ಒಳಗೂ ಇದೇ ಚರ್ಚೆ ನಡೆಯಿತು. ಪ್ರಚಾರಕ್ಕೆ ಬಂದವರು ವ್ಯಾಪಾರ ಮಾಡಬಹುದೇ ಎಂಬ ಪ್ರಶ್ನೆಗೆ ಎಲ್ಲರೂ ಒಂದೇ ಉತ್ತರ ಕೊಡಲಿಲ್ಲ. ಹಣದ ಲೆಕ್ಕ ಬೇರೆ ಇರಲಿ ಅಂತ 1859ರಲ್ಲಿ ವ್ಯಾಪಾರಕ್ಕೆ ಪ್ರತ್ಯೇಕ ಕಂಪನಿ ಮಾಡಿದರು.

ಆದರೂ ಕೆಲಸಗಾರನ ಕಣ್ಣಿಗೆ ಎರಡೂ ಒಂದೇ. ಧಣಿಯ ಎದುರು ಮಾತಾಡಿದರೆ ಪಾದ್ರಿಗೂ ಬೇಸರವಾದೀತು ಅನ್ನುವ ಅಳುಕು ಇಂಥ ಕಡೆ ಇಲ್ಲದೆ ಇರುತ್ತದಾ?

ಯುದ್ಧ ಬಂತು, ಪರೀಕ್ಷೆಯೂ ಬಂತು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಮಿಷನರಿಗಳಲ್ಲಿ ಜರ್ಮನರು ಬಹಳ. ಬ್ರಿಟಿಷರಿಗೆ ಅವರು ಶತ್ರು ದೇಶದವರು. ಅವರನ್ನು ಬಂಧನ ಶಿಬಿರಕ್ಕೆ ಕಳಿಸಿದರು, ಆಮೇಲೆ ದೇಶದಿಂದಲೇ ಹೊರಗೆ ಹಾಕಿದರು. ಕಾರ್ಖಾನೆಗಳು ಕೈಬದಲಾಗಿ ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು.

ಈಗ ಕಾರ್ಖಾನೆಯ ಧಣಿಗೂ ಚರ್ಚಿಗೂ ಸಂಬಂಧ ಇಲ್ಲ. ಸಂಬಳಕ್ಕಾಗಿ ಮಾತ್ರ ಬಂದಿದ್ದರೆ ಸಭೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಶಾಲೆಯಲ್ಲಿ ಓದಿದ ಕೆಲಸಗಾರರ ಮಕ್ಕಳು ಆಗಲೇ ಮೇಷ್ಟ್ರು, ಗುಮಾಸ್ತ, ಉಪದೇಶಿ ಆಗಿದ್ದರು. ತುಳು, ಕನ್ನಡದಲ್ಲೇ ಆರಾಧನೆ ನಡೆಯುತ್ತಿತ್ತು, ಹೊರಗಿನವರಿಗೆ ಕಾಯಬೇಕಿರಲಿಲ್ಲ. ಊರಿನ ಜನರೇ ಸಭೆ ನಡೆಸಿಕೊಂಡು ಹೋದರು. 1862ರ ಬಲ್ಮಠದ ಶಾಂತಿ ಚರ್ಚು ಇವತ್ತು ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ.ಗೆ ಸೇರಿದೆ.

ಅದೇ ಊರಿನ ಇನ್ನೊಂದು ದಾರಿ

ಕಥೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಆಗುತ್ತದೆ. ದೇವಸ್ಥಾನದ ಒಳಗೆ ಬಿಡದ ಕಾಲದಲ್ಲಿ ಬಿಲ್ಲವರಲ್ಲಿ ಕೆಲವರು ಚರ್ಚಿಗೆ ಹೋದರು. ಹೆಚ್ಚಿನವರು ಹೋಗಲಿಲ್ಲ. ಅವರು ಕೇರಳದಿಂದ ನಾರಾಯಣ ಗುರುಗಳನ್ನು ಕರೆಸಿದರು. 1912ರಲ್ಲಿ ಗುರುಗಳಿಂದ ಕುದ್ರೋಳಿ ಗೋಕರ್ಣನಾಥನ ಪ್ರತಿಷ್ಠೆ ಆಯಿತು. ಒಬ್ಬರು ಚರ್ಚಿನ ಬೆಂಚಿನ ಮೇಲೆ ಕೂತರು, ಇನ್ನೊಬ್ಬರು ತಮ್ಮದೇ ಗರ್ಭಗುಡಿ ಕಟ್ಟಿಕೊಂಡರು. ಇಬ್ಬರೂ ಕೇಳಿದ್ದು ಬರೀ ಅಕ್ಕಿ ಅಲ್ಲ, ಮರ್ಯಾದೆ.

ಈಗಲೂ ಪಟ್ಟಣದ ಬಡ ಕೇರಿಗಳಿಗೆ ಚರ್ಚು, ಮಠ, ಸಂಘ, ಟ್ರಸ್ಟ್ ಅಂತ ಸೇವೆಗೆ ಬರುವವರು ಇದ್ದಾರೆ. ಯಾರೇ ಬರಲಿ, ಎರಡು ಪ್ರಶ್ನೆ ಕೇಳಬಹುದು. ಇವರು ಕೈಗೆ ಕೆಲಸ ಕಲಿಸುತ್ತಾರಾ, ಇಲ್ಲ ಕೈ ಚಾಚುವುದನ್ನು ಕಲಿಸುತ್ತಾರಾ? ನಾಳೆ ಇವರು ಹೊರಟು ಹೋದರೆ ಕೇರಿಯವರು ತಾವೇ ನಡೆಸಿಕೊಂಡು ಹೋಗುತ್ತಾರಾ?

ಕಾಂಕ್ರೀಟ್ ಬಂದ ಮೇಲೆ ಹಂಚಿನ ಕಾರ್ಖಾನೆಗಳ ಚಿಮಣಿಗಳು ಒಂದೊಂದಾಗಿ ತಣ್ಣಗಾದವು. ಬಲ್ಮಠದ ಚರ್ಚಿನಲ್ಲಿ ಭಾನುವಾರ ಗಂಟೆ ಮಾತ್ರ ಈಗಲೂ ಹೊಡೆಯುತ್ತದೆ.