ಸ್ಲೈಡ್ ನುಡಿಸಲು ಗಿಟಾರ್ ಹದ

1971ರಲ್ಲಿ ತೀರಿಕೊಂಡ ಅಮೆರಿಕದ ಡ್ವೇನ್ ಆಲ್ಮನ್ ಖಾಲಿ ಮಾತ್ರೆ ಸೀಸೆಯನ್ನು ಉಂಗುರ ಬೆರಳಿಗೆ ತೊಟ್ಟು ಗಿಟಾರ್ ತಂತಿಯ ಮೇಲೆ ಜಾರಿಸುತ್ತಿದ್ದರು. ಅದೇ ಸ್ಲೈಡ್. ನೀವು ಜಾರಿಸಿದಾಗ ಕಟಕಟ ಸದ್ದೇ? ತಂತಿ ಫ್ರೆಟ್‌ಗೆ ತೀರಾ ಹತ್ತಿರವಿದೆ. ಬ್ರಿಡ್ಜ್‌ನ ಸ್ಯಾಡಲ್‌ಗಳನ್ನು ತುಸು ಎತ್ತರಿಸಿ. ವಿಪರೀತ ಎತ್ತರಿಸಿದರೆ ಬೆರಳಲ್ಲಿ ಕಾರ್ಡ್ ಹಿಡಿಯುವುದೇ ಕಷ್ಟ. ಮನೆಯಲ್ಲಿ ಒಂದೇ ಗಿಟಾರ್ ಇದ್ದವರು ಸ್ವಲ್ಪದಲ್ಲೇ ನಿಲ್ಲಿಸುವುದು ಲೇಸು. ಮೊದಲ ತಂತಿ 0.009 ಇಂಚಿನದಾಗಿದ್ದರೆ 0.011ರ ಸೆಟ್ ಹಾಕಿ, ಸ್ಲೈಡ್‌ನ ಭಾರಕ್ಕೆ ಅಷ್ಟಾಗಿ ಬಗ್ಗದು. ಆರು, ಐದು ಮತ್ತು ಒಂದನೆಯ ತಂತಿಗಳನ್ನು ತಲಾ ಎರಡು ಫ್ರೆಟ್‌ನಷ್ಟು ಇಳಿಸಿದರೆ ಓಪನ್ ಜಿ ಶ್ರುತಿ: ದಪ್ಪ ತಂತಿಯಿಂದ ಡಿ, ಜಿ, ಡಿ, ಜಿ, ಬಿ, ಡಿ. ಸ್ಲೈಡನ್ನು ಒತ್ತಬೇಡಿ. ಅದು ಎರಡು ಫ್ರೆಟ್‌ಗಳ ನಡುವೆ ಅಲ್ಲ, ಲೋಹದ ಪಟ್ಟಿಯ ನೇರ ಮೇಲೆಯೇ ನಿಲ್ಲಬೇಕು. ಗಮಕ ಕೇಳಿ ಬೆಳೆದ ಕಿವಿಗೆ ಕೂದಲೆಳೆ ತಪ್ಪಿದರೂ ಗೊತ್ತಾಗುತ್ತದೆ!