ವಾಬ್ಯಾಶ್ ದಂಡೆಯ ಋತುಚರ್ಯೆ

ಮುಸುಕಿನ ಜೋಳ ಮತ್ತು ಸೋಯಾ ಹೊಲಗಳ ಹೊರತು ಬೇರೇನೂ ಇಲ್ಲವೆಂದು ಪ್ರವಾಸಿಗರು ಅವಸರದಿಂದ ದಾಟಿಹೋಗುವ ಅಮೆರಿಕದ ಮಧ್ಯಪಶ್ಚಿಮ ಸೀಮೆಯಲ್ಲಿ, ಒಹಾಯೊ ಸಂಸ್ಥಾನದ ಪಶ್ಚಿಮದಂಚಿನಲ್ಲಿ ಹುಟ್ಟಿ, ಇಂಡಿಯಾನಾವನ್ನು ಓರೆಯಾಗಿ ಸೀಳಿಕೊಂಡು ಬಂದು, ಟೆರೆ ಹೋಟ್ ಪಟ್ಟಣದ ಕೆಳಗೆ ಇಂಡಿಯಾನಾಕ್ಕೂ ಇಲಿನಾಯ್‌ಗೂ ಗಡಿಯಾಗಿ ಪರಿಣಮಿಸಿ, ಕಡೆಗೆ ಒಹಾಯೊ ನದಿಯನ್ನು ಕೂಡಿಕೊಳ್ಳುವ ವಾಬ್ಯಾಶ್ ನದಿಯ ಉದ್ದ ಸುಮಾರು 800 ಕಿಲೊಮೀಟರು. ಹಂಟಿಂಗ್ಟನ್ ಊರಿನ ಬಳಿಯ ಅಣೆಕಟ್ಟನ್ನು ಬಿಟ್ಟು ಹೊರಟ ಮೇಲೆ ಸುಮಾರು 660 ಕಿಲೊಮೀಟರುಗಳ ಪರ್ಯಂತ ಇದನ್ನು ತಡೆಯುವವರಿಲ್ಲ. ಮಿಸಿಸಿಪ್ಪಿಗೆ ಪೂರ್ವದಲ್ಲಿ ಇಷ್ಟು ದೂರ ಸ್ವಚ್ಛಂದವಾಗಿ ಹರಿಯುವ ನದಿ ಮತ್ತೊಂದಿಲ್ಲವೆಂದು ಅಲ್ಲಿಯವರು ಅಭಿಮಾನಪಡುವರು. ನಮ್ಮ ಕಡೆಯಿಂದ ಪರ್ಡ್ಯೂ ವಿಶ್ವವಿದ್ಯಾನಿಲಯಕ್ಕೆ ಓದಲು ಹೋದ ಹುಡುಗರು ಲಾಫಯೆಟ್ ಪಟ್ಟಣಕ್ಕೆ ಹೋಗಿಬರುವಾಗ ದಾಟುವ ಸೇತುವೆ ಈ ನದಿಯದೇ. ಕೆಳಗೆ ಕಂದುಬಣ್ಣದ ನೀರನ್ನು ಕಂಡು ಮುಖ ತಿರುಗಿಸಿದವರೇ ಹೆಚ್ಚಾಗಿರಬಹುದು. ದಂಡೆಯ ಮೇಲೆ ಕೋಲು ನೆಟ್ಟು ಕುಳಿತವನ ವಿದ್ಯೆ ಎಂಥದೆಂದು ಕೇಳಿದವರು ವಿರಳ.

ಆ ವಿದ್ಯೆಗೆ ಆಧಾರ ನೀರಿನ ಶಾಖ. ಪಟ್ಟಣಿಗನು ಮೇ ತಿಂಗಳು ಬಂತೇ ಎಂದು ಕೇಳಿದರೆ, ಗಾಳದವನು ನೀರು 60 ಡಿಗ್ರಿ ಮುಟ್ಟಿತೇ ಎಂದು ಕೇಳುವನು. ಅದು ಫ್ಯಾರನ್‌ಹೀಟಿನ ಲೆಕ್ಕ. ನಮ್ಮ ಲೆಕ್ಕದಲ್ಲಿ ಸುಮಾರು 16. ಮೀನು ತನ್ನ ಮೈಶಾಖವನ್ನು ತಾನೇ ಕಾಪಾಡಿಕೊಳ್ಳಲಾರದ ಪ್ರಾಣಿಯಾದುದರಿಂದ, ಅದರ ಹಸಿವು, ಆಲಸ್ಯ, ಪ್ರಣಯ, ಕೋಪ ಎಲ್ಲವೂ ನೀರಿನ ಶಾಖದೊಡನೆ ಏರಿಳಿಯುವುವು.

ಈ ನದಿಯಲ್ಲಿ ಜನ ಅರಸುವ ಮೀನುಗಳಲ್ಲಿ ಎರಡು ಕುಲಗಳು ಮುಖ್ಯ. ಒಂದು ಸ್ಮಾಲ್‌ಮೌತ್ ಬಾಸ್: ಕಂಚಿನ ಮೈಬಣ್ಣ, ಕೆಂಪೇರಿದ ಕಣ್ಣು, ನೆಲದಲ್ಲಿ ಕಲ್ಲುಹರಳುಗಳಿರುವ ತಿಳಿನೀರಿನಲ್ಲಿ ವಾಸ, ಸಿಗಡಿಯ ಬಂಧುವಾದ ಕ್ರೇಫಿಶ್ಶೆಂದರೆ ಪ್ರಾಣ. ಇದು ನದಿಯ ಮೇಲ್ಭಾಗದಲ್ಲಿಯೂ, ಟಿಪ್ಪೆಕನೂ, ವೈಲ್ಡ್‌ಕ್ಯಾಟ್, ಶುಗರ್ ಕ್ರೀಕ್ ಮೊದಲಾದ ಉಪನದಿಗಳಲ್ಲಿಯೂ ಹೆಚ್ಚು. ಇನ್ನೊಂದು ಕ್ಯಾಟ್‌ಫಿಶ್. ನಿಷೇಧಕ್ಕೊಳಗಾದ ಆಫ್ರಿಕದ ತಳಿಯೊಂದರ ದೆಸೆಯಿಂದ ನಮ್ಮಲ್ಲಿ ಈ ಹೆಸರಿಗೆ ಕಳಂಕ ತಗುಲಿದೆಯಾದರೂ, ವಾಬ್ಯಾಶಿನಲ್ಲಿರುವ ಚಾನೆಲ್, ಫ್ಲಾಟ್‌ಹೆಡ್ ಮತ್ತು ಬ್ಲೂ ಎಂಬ ಮೂರು ಬಗೆಗಳೂ ಆ ನಾಡಿನ ಸ್ವಂತ ಮೀನುಗಳು. ಮೊದಲಿನೆರಡಕ್ಕೆ 1818ರಲ್ಲಿ ಶಾಸ್ತ್ರೀಯ ನಾಮಕರಣ ಮಾಡಿದ ರಾಫಿನೆಸ್ಕ್ ಎಂಬ ಪಂಡಿತನು ಅದೇ ವರ್ಷ ಒಹಾಯೊ ದಂಡೆಯಲ್ಲಿ ಪಕ್ಷಿಚಿತ್ರಕಾರ ಆಡುಬಾನನ ಅತಿಥಿಯಾಗಿದ್ದನು. ಆಡುಬಾನನು ಗುಂಡು ಹೊಡೆದರೂ ಒಡೆಯದ ಹುರುಪೆಗಳುಳ್ಳ ಮೀನೊಂದನ್ನು ಕಲ್ಪಿಸಿ ವರ್ಣಿಸಲು, ಈ ಸರಳಹೃದಯಿ ಅದನ್ನೂ ನಂಬಿ 1820ರ ತನ್ನ ಮತ್ಸ್ಯಗ್ರಂಥದಲ್ಲಿ ಸೇರಿಸಿಬಿಟ್ಟನು. ಮೀನಿನ ವಿಷಯದಲ್ಲಿ ಸುಳ್ಳು ಹೇಳುವ ಸಂಪ್ರದಾಯ ಆ ಸೀಮೆಯಲ್ಲಿ ಅಷ್ಟು ಹಳೆಯದು.

ಇವೆರಡರ ನಡುವೆ ಜನ ಒಂದು ಅಂತಸ್ತಿನ ಭೇದವನ್ನು ಕಲ್ಪಿಸಿಕೊಂಡಿದ್ದಾರೆ. ಬಾಸ್ ಕುಲೀನ, ಅದರ ಮೇಲೆ ಸಿನ್ಸಿನ್ನಾಟಿಯಲ್ಲಿ 1881ರಷ್ಟು ಹಿಂದೆಯೇ ಹೆನ್‌ಶಾಲ್ ಎಂಬ ವೈದ್ಯನು ದೊಡ್ಡ ಗ್ರಂಥವನ್ನು ಪ್ರಕಟಿಸಿದನು, ಅದಕ್ಕಾಗಿ ಮಿಶಿಗನ್ನಿನ ಡೊವಾಜಿಯಾಕ್ ಊರಿನ ಹೆಡನ್ ಮರದ ಕಪ್ಪೆಯನ್ನು ಕೆತ್ತಿದನು, ಅದಕ್ಕಾಗಿಯೇ 1949ರಲ್ಲಿ ಒಹಾಯೊದ ಏಕ್ರನ್ನಿನಲ್ಲಿ ನಿಕ್ ಕ್ರೀಮ್ ತನ್ನ ಅಡುಗೆಮನೆಯ ಒಲೆಯ ಮೇಲೆ ಪ್ಲಾಸ್ಟಿಕ್ಕಿನ ಎರೆಹುಳುವನ್ನು ಎರಕಹೊಯ್ದನು. ಕ್ಯಾಟ್‌ಫಿಶ್ಶಿಗೆ ಉಳಿದದ್ದು ಕೋಳಿಯ ಲಿವರು, ಕೊಳೆಸಿದ ಚೀಸು ಮತ್ತು ಕವೆಗೋಲು. ಈ ಶ್ರೇಣೀಕರಣ ನನಗೆ ಒಪ್ಪಿಗೆಯಿಲ್ಲ. ಕಣ್ಣಿನಿಂದ ಬೇಟೆಯಾಡುವ ಮೀನನ್ನು ಬಣ್ಣದ ಬೊಂಬೆಯಿಂದ ವಂಚಿಸುವುದು ಜಾಣತನವೇ ಸರಿ. ಆದರೆ ಮೀಸೆಗಳಲ್ಲಿ ಮಾತ್ರವಲ್ಲದೆ ಇಡೀ ಚರ್ಮದ ಮೇಲೆಯೇ ರುಚಿಯ ಮೊಗ್ಗುಗಳನ್ನು ಹೊತ್ತು, ಕೆಸರುನೀರಿನ ಕತ್ತಲಲ್ಲಿ ತನ್ನ ಮೈಯನ್ನೇ ನಾಲಗೆಯನ್ನಾಗಿ ಮಾಡಿಕೊಂಡು ತಿರುಗುವ ಜೀವಿಯ ಹಾದಿಯನ್ನು ಊಹಿಸಿ, ವಾಸನೆಯ ಎಳೆಯೊಂದನ್ನು ಪ್ರವಾಹದೊಡನೆ ಸರಿಯಾದ ಮಡುವಿನತ್ತ ಕಳುಹಿಸುವುದಕ್ಕೆ ನದಿಯ ತಳದ ಜ್ಞಾನವೇ ಬೇಕು.

ಮಾರ್ಚಿನಲ್ಲಿ ಹಿಮ ಕರಗಿ ನದಿ ಉಕ್ಕಿದಾಗ, ಚಳಿಗಾಲದಲ್ಲಿ ಸತ್ತ ಶ್ಯಾಡ್ ಮೀನುಗಳು ಕೊಚ್ಚಿಬರುವುವು; ಹಸಿದ ಚಾನೆಲ್ ಕ್ಯಾಟ್‌ಫಿಶ್ಶು ಅವನ್ನು ಆಯ್ದು ತಿನ್ನುವುದರಿಂದ, ಆಗಿನ ಎರೆ ಅದೇ ಶ್ಯಾಡಿನ ತುಂಡು. ಏಪ್ರಿಲಿನಲ್ಲಿ, ಮುಂಗಾರಿನ ಮೊದಲ ಮಳೆಗೆ ಮಲೆನಾಡಿನ ಹಳ್ಳಗಳಲ್ಲಿ ಹತ್ತುಮೀನು ಏರುವಂತೆ, ವೈಟ್ ಬಾಸ್ ಎಂಬ ಬೆಳ್ಳಿಬಣ್ಣದ ಬೇರೊಂದು ಮೀನು ಗುಂಪುಗುಂಪಾಗಿ ಪ್ರವಾಹಕ್ಕೆದುರಾಗಿ ಏರುವುದು. ಆ ಸಂಭ್ರಮ ಮುಗಿಯುತ್ತಿರುವಾಗಲೇ ಸ್ಮಾಲ್‌ಮೌತಿನ ಗೃಹಸ್ಥಾಶ್ರಮ ಆರಂಭ. ಗಂಡುಮೀನು ಬಾಲದಿಂದ ಹೂಳನ್ನು ಗುಡಿಸಿ, ಹರಳುಕಲ್ಲಿನ ದುಂಡನೆಯ ತಗ್ಗೊಂದನ್ನು ಮಾಡಿ, ಹೆಣ್ಣನ್ನು ಕರೆತಂದು ಮೊಟ್ಟೆಯಿಡಿಸುವನು, ಆಕೆ ಹೊರಟುಹೋಗುವಳು, ಕಾವಲು, ಪೋಷಣೆ ಎಲ್ಲ ತಂದೆಯದೇ. ಗೂಡಿನ ಬಳಿ ಸುಳಿದ ಯಾವುದನ್ನಾದರೂ ಅದು ಕಚ್ಚುವುದರಿಂದ ಆಗ ಅದನ್ನು ಹಿಡಿಯುವುದು ಅತಿ ಸುಲಭ, ಆದುದರಿಂದಲೇ ಅನುಚಿತ: ಗಾಳ ಬಿಡಿಸಿ ಮರಳಿ ಬಿಡುವಷ್ಟರೊಳಗೆ ಬ್ಲೂಗಿಲ್ ಎಂಬ ಪುಟ್ಟ ಕಳ್ಳಮೀನುಗಳು ಮೊಟ್ಟೆಗಳಿಗೆ ಮುತ್ತಿಗೆ ಹಾಕಿರುತ್ತವೆ. ಬಲ್ಲವರು ಆ ವಾರಗಳಲ್ಲಿ ಗೂಡನ್ನು ಬಳಸಿ ಹೋಗುವರು.

ಜೂನಿನಲ್ಲಿ ಕ್ಯಾಟ್‌ಫಿಶ್ಶಿನ ಸರದಿ. ಇದು ಬಯಲಿನಲ್ಲಿ ಸಂಸಾರ ಹೂಡುವ ಜಾತಿಯಲ್ಲ. ದಂಡೆ ಕೊರೆದ ಪೊಟರೆಯೋ ಮುಳುಗಿದ ಮರದ ಟೊಳ್ಳೋ ಇದಕ್ಕೆ ಬೇಕು. ಇಲ್ಲಿಯೂ ಗಂಡೇ ದಾದಿ, ರೆಕ್ಕೆ ಬೀಸಿ ಮೊಟ್ಟೆಗಳಿಗೆ ನೀರಾಡಿಸುವನು. ಆ ಕಾರ್ಯ ಮುಗಿದು ಜುಲೈ ಸೆಕೆ ಇಳಿದ ರಾತ್ರಿಗಳೇ ಈ ವಿದ್ಯೆಯ ಪರ್ವಕಾಲ. ಸಂಜೆಯ ಬೆಳಕಿರುವಾಗಲೇ ದಂಡೆಗೆ ಬಂದು, ಹೊರತಿರುವಿನಲ್ಲಿ ಮರಗಳು ಉರುಳಿಬಿದ್ದ ಮಡುವನ್ನು ಗುರುತಿಸಿ, ಕವೆಗಳನ್ನು ನೆಟ್ಟು ಕೋಲಿನ ತುದಿಗೆ ಪುಟ್ಟ ಗಂಟೆಯನ್ನು ಸಿಕ್ಕಿಸುವರು. ಮೆತ್ತನೆಯ ಲಿವರು ಎಸೆತಕ್ಕೆ ಕಳಚಿಹೋಗುವುದರಿಂದ ಅದನ್ನು ಹಳೆಯ ನೈಲಾನ್ ಕಾಲುಚೀಲದ ತುಂಡಿನಲ್ಲಿ ಗಂಟುಕಟ್ಟಿ ಗಾಳಕ್ಕೇರಿಸುವುದು ವಾಡಿಕೆ. ಫ್ಲಾಟ್‌ಹೆಡ್ಡಿಗೆ ಈ ಉಪಾಯ ಸಲ್ಲದು. ಅದು ಬಹುಮಟ್ಟಿಗೆ ಜೀವಂತ ಮೀನನ್ನೇ ಬಯಸುವ ದೊರೆ, ಕಾನ್ಸಾಸಿನಲ್ಲಿ 1998ರಲ್ಲಿ ಸಿಕ್ಕಿದ ದಾಖಲೆಯ ಮೀನು 123 ಪೌಂಡು, ಎಂದರೆ ಸುಮಾರು 56 ಕಿಲೊ ತೂಗಿತು. ದಂಡೆಗೆ ಬಂದ ಕ್ಯಾಟ್‌ಫಿಶ್ಶನ್ನು ಹಿಡಿಯುವುದಕ್ಕೂ ಕ್ರಮವುಂಟು. ಮಕ್ಕಳು ಹೆದರುವ ಮೀಸೆ ನಿರಪಾಯಕರ. ಅಪಾಯವಿರುವುದು ಬೆನ್ನಿನ ರೆಕ್ಕೆಯಲ್ಲಿಯೂ ಎರಡು ಪಕ್ಕಗಳಲ್ಲಿಯೂ ಇರುವ ಮುಳ್ಳುಗಳಲ್ಲಿ. ಕೆರಳಿದಾಗ ಅವು ಚಾಚಿಕೊಂಡು ಅಗುಳಿ ಹಾಕಿದಂತೆ ನಿಂತುಬಿಡುವುವು. ಹೊಟ್ಟೆಯಡಿಯಿಂದ ಅಂಗೈ ಕೊಟ್ಟು, ಬೆರಳುಗಳನ್ನು ಪಕ್ಕದ ಮುಳ್ಳುಗಳ ಹಿಂಬದಿಗೆ ಆನಿಸಿ ಹಿಡಿದರೆ ಕೈಗೆ ಗಾಯವಿಲ್ಲ.

ಅಕ್ಟೋಬರಿನ ತಿಳಿನೀರಿನಲ್ಲಿ ಬಾಸ್ ಮತ್ತೆ ಹೊಟ್ಟೆಬಾಕನಾಗುವುದು. ಡಿಸೆಂಬರಿಗೆ ಆಳವಾದ ಮಡುಗಳಲ್ಲಿ ಫ್ಲಾಟ್‌ಹೆಡ್ಡುಗಳು ಮಿಸುಕದೆ ಮಲಗುವುವು.

ಗಾಳದವರ ಖರ್ಚಿನಿಂದಲೇ ಮೀನಿನ ಪಾಲನೆ ನಡೆಯುವ ಏರ್ಪಾಡನ್ನು ಇಲ್ಲಿ ಹೇಳದಿರಲಾಗದು. 1950ರ ಕಾಯಿದೆಯೊಂದರ ಮೇರೆಗೆ ಕೋಲು, ರೀಲು ಮುಂತಾದ ಸಾಮಗ್ರಿಗಳ ಮೇಲೆ ತೆರಿಗೆ ವಸೂಲಾಗಿ, ಆ ಹಣ ಸಂಸ್ಥಾನಗಳ ವಿಸ್ತೀರ್ಣಕ್ಕೂ ಪರವಾನಗಿದಾರರ ಸಂಖ್ಯೆಗೂ ಅನುಗುಣವಾಗಿ ಮೀನಿನ ಸಂರಕ್ಷಣೆಗೆ ಹಂಚಿಹೋಗುತ್ತದೆ. ಇಷ್ಟಾದರೂ ಹೊಸ ಉಪದ್ರವವೊಂದು ತಪ್ಪಲಿಲ್ಲ. ನಮ್ಮ ಕೆರೆಗಳಲ್ಲಿ ಬೆಳ್ಳಿಗೆಂಡೆಯೆಂದು ಅಕ್ಕರೆಯಿಂದ ಸಾಕುವ ಸಿಲ್ವರ್ ಕಾರ್ಪ್ ಅಲ್ಲಿ ಪರದೇಶಿ ಆಕ್ರಮಣಕಾರಿ. ಮರಿಮೀನುಗಳೆಲ್ಲ ಅವಲಂಬಿಸಿರುವ ಸೂಕ್ಷ್ಮಜೀವಿಗಳನ್ನು ಸೋಸಿ ನುಂಗುವುದಲ್ಲದೆ, ದೋಣಿಯ ಯಂತ್ರದ ಸದ್ದಿಗೆ ಬೆದರಿ ಹಾರಿ ದೋಣಿಯವರ ಮುಖಕ್ಕೇ ಅಪ್ಪಳಿಸುವುದು. ಇದು ಮಹಾಸರೋವರಗಳ ಕಡೆಗೆ ದಾಟೀತೆಂಬ ಭಯದಿಂದ 2010ರಲ್ಲಿ ಫೋರ್ಟ್ ವೇಯ್ನ್ ನಗರದ ಪಕ್ಕದ ಜೌಗಿನಲ್ಲಿ ಬೇಲಿ ಹಾಕಿ, ಬಳಿಕ ಶಾಶ್ವತವಾದ ಮಣ್ಣಿನ ಏರಿಯನ್ನೇ ಕಟ್ಟಿದರು.

ಹಿಡಿದ ಬಾಸನ್ನು ಬಹುಮಂದಿ ನೀರಿಗೇ ಬಿಡುವರು, ಒಂದಡಿ ಬೆಳೆಯಲು ಅದಕ್ಕೆ ನಾಲ್ಕು ವರ್ಷವಾದರೂ ಬೇಕು. ಕ್ಯಾಟ್‌ಫಿಶ್ಶಿಗೆ ಹುರುಪೆಯಿಲ್ಲ, ಚರ್ಮ ಸುಲಿದು, ಮುಸುಕಿನ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯುವರು. ಆದರೆ ಪಾದರಸವೂ ಪಿ.ಸಿ.ಬಿ. ಎಂಬ ಕಾರ್ಖಾನೆಯ ವಿಷವೂ ಮೀನಿನ ಮೈಯಲ್ಲಿ ವರ್ಷವರ್ಷಕ್ಕೆ ಸಂಚಯವಾಗುವುದರಿಂದ, ಯಾವ ನೀರಿನ ಯಾವ ಮೀನನ್ನು ಎಷ್ಟು ಸಲ ತಿನ್ನಬಹುದೆಂದು ಸರ್ಕಾರ ಪ್ರಕಟಣೆ ಹೊರಡಿಸುತ್ತದೆ. ಅದನ್ನು ಓದಿದವನು ದೊಡ್ಡ ಮುದಿಮೀನನ್ನು ಚಿತ್ರ ತೆಗೆದುಕೊಂಡು ಬಿಟ್ಟುಬಿಟ್ಟು, ಬಾಣಲೆಗೆ ಒಂದೆರಡು ಪೌಂಡಿನದನ್ನು ಮನೆಗೊಯ್ಯುವನು.