ಹೆಣೆದುಕೊಂಡ ಹಾವೆಲ್ಲ ಜೋಡಿಯಲ್ಲ

ಪ್ರಶ್ನೆ: ಸಾಕಿದ ಎರಡು ಕಾರ್ನ್ ಹಾವುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬಹುದೇ?

ಬೇಡ, ಬೇರೆಬೇರೆಯಾಗಿಯೇ ಇಡಬೇಕು. ಶಿಕಾರಿಪುರ, ಸೊರಬದ ಗದ್ದೆ ಬದುವಿನಲ್ಲಿ ಎರಡು ಕೇರೆಹಾವು ಹೆಣೆದುಕೊಂಡು ಮೇಲೇಳುವುದನ್ನು ಕಂಡವರು ‘ಮಿಲನ’ ಎನ್ನುತ್ತಾರೆ. ಬಹುತೇಕ ಅದು ಎರಡು ಗಂಡುಗಳ ಕುಸ್ತಿ. ಸೋತದ್ದಕ್ಕೆ ಓಡಿಹೋಗಲು ಅಲ್ಲಿ ಬಯಲಿದೆ, ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿದೆ? ಕೇರೆಯ ದೂರದ ನೆಂಟನಾದ ಅಮೆರಿಕದ ಕಾರ್ನ್ ಹಾವೂ ಒಂಟಿಜೀವಿಯೇ. ಅಪರೂಪಕ್ಕಾದರೂ ಒಂದು ಇನ್ನೊಂದನ್ನು ನುಂಗಿದ್ದುಂಟು. ‘ಒಟ್ಟಿಗೇ ಸುರುಳಿ ಸುತ್ತಿ ಮಲಗುತ್ತವಲ್ಲ?’ ಎನ್ನಬಹುದು. ಅದು ಸ್ನೇಹವಲ್ಲ, ಬೆಚ್ಚಗಿರುವ ಒಂದೇ ಮೂಲೆ ಎರಡಕ್ಕೂ ಬೇಕಾಗಿದೆ, ಅಷ್ಟೆ. ದುರ್ಬಲವಾದದ್ದು ಸದ್ದಿಲ್ಲದೆ ಆಹಾರ ಬಿಡುತ್ತದೆ. ನುಂಗಿದ ಇಲಿಯನ್ನು ಕಕ್ಕಿದ್ದು ಯಾವುದೆಂದೂ ತಿಳಿಯದು. ನನ್ನನ್ನು ಹೆಚ್ಚು ಕಾಡುವ ಆತಂಕ ಇದೇ. ಇನ್ನು ಗದ್ದೆಯ ಇಲಿ ಹಿಡಿಯುವ ಕೇರೆಯನ್ನಂತೂ ಒಂದೊಂದಾಗಿಯೂ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ.